ಅಜ್ಜಿಗೆ ಹದಿನೆಂಟಾದಾಗ

ಮೊಮ್ಮಗನಿಗೋ ಮೊಮ್ಮಗಳಿಗೋ ಹದಿನೆಂಟು ತುಂಬಿದ ವರ್ಷ ಮನೆಯಲ್ಲಿ ಕಾಗದಪತ್ರದ ಓಡಾಟ ಜೋರಾಗುತ್ತದೆ. ವೋಟರ್ ಐಡಿಗೆ ಅರ್ಜಿ, ಗಾಡಿ ಓಡಿಸಲು ಎಲ್‌ಎಲ್, ಸ್ವಂತ ಹೆಸರಿನ ಬ್ಯಾಂಕ್ ಖಾತೆ, ಸಿಇಟಿಯ ಆಪ್ಷನ್ ಎಂಟ್ರಿ, ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಅದೇ ಹೊತ್ತಿಗೆ ಹಜಾರದ ಕುರ್ಚಿಯಿಂದ ಇನ್ನೊಂದು ಲೆಕ್ಕವೂ ಹೊರಡುತ್ತದೆ. ಈ ವಯಸ್ಸಿಗೆ ನಾನು ಸಂಸಾರ ತೂಗಿಸುತ್ತಿದ್ದೆ, ಈ ವಯಸ್ಸಿಗೆ ನನ್ನ ಕಂಕುಳಲ್ಲಿ ಕೂಸಿತ್ತು, ನಿಮಗಿನ್ನೂ ಬೆಳಿಗ್ಗೆ ಏಳುವುದಕ್ಕೆ ಅಲಾರಂ ಬೇಕು. ಈ ಮಾತಿನಲ್ಲಿ ಸುಳ್ಳೇನೂ ಇಲ್ಲ. ತೊಡಕಿರುವುದು ಅದು ಯಾರನ್ನು ಯಾರ ಜೊತೆ ತೂಗುತ್ತಿದೆ ಎಂಬಲ್ಲಿ. ಈಗಷ್ಟೇ ತನ್ನ ಬದುಕನ್ನು ತಾನೇ ನಿರ್ಧರಿಸಬೇಕಾಗಿ ಬಂದಿರುವ ಒಬ್ಬರನ್ನು, ಆ ವಯಸ್ಸಿಗೆ ತನ್ನ ಪರವಾಗಿ ಬೇರೆಯವರು ಎಲ್ಲ ನಿರ್ಧರಿಸಿ ಮುಗಿಸಿದ್ದ ಇನ್ನೊಬ್ಬರ ಪಕ್ಕದಲ್ಲಿ ನಿಲ್ಲಿಸಲಾಗುತ್ತಿದೆ. ಇಂದು ಎಪ್ಪತ್ತು ದಾಟಿರುವ ಪೀಳಿಗೆಯ ಬಹುಪಾಲು ಜನಕ್ಕೆ, ಅದರಲ್ಲೂ ಹೆಂಗಸರಿಗೆ, ಮೊಮ್ಮಕ್ಕಳು ಕಾಣುತ್ತಿರುವಂಥ ಯೌವನ ಸಿಗಲೇ ಇಲ್ಲ. ಹಾಗಾಗಿ ಆ ಕಾಲದ ನೆನಪನ್ನು ಅಳತೆಗೋಲಾಗಿ ಹಿಡಿದರೆ ಅಳತೆ ತಪ್ಪುತ್ತದೆ. ಸಾಕ್ಷ್ಯವಾಗಿ ಕೇಳಿದರೆ ಅದಕ್ಕೆ ಬೇರೆಲ್ಲೂ ಸಿಗದ ಬೆಲೆಯಿದೆ. ನಮ್ಮ ಮನೆಗಳಲ್ಲಿ ಅಳತೆಗೋಲು ದಿನಾ ಹೊರಗೆ ಬರುತ್ತದೆ, ಸಾಕ್ಷ್ಯವನ್ನು ಯಾರೂ ಕೇಳುವುದಿಲ್ಲ.

1950ರಲ್ಲಿ ಹುಟ್ಟಿದವರನ್ನು ತೆಗೆದುಕೊಳ್ಳೋಣ. ಅವರಿಗೆ ಹದಿನೆಂಟು ತುಂಬಿದ್ದು 1968ರಲ್ಲಿ. ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕವಾಗಲು ಐದು ವರ್ಷ ಬಾಕಿ ಇತ್ತು. ಹದಿನೆಂಟಕ್ಕೆ ಮತ ಹಾಕುವ ಹಕ್ಕಿರಲಿಲ್ಲ. ಅದು 21ಕ್ಕೆ ಬರುತ್ತಿತ್ತು, 18ಕ್ಕೆ ಇಳಿದದ್ದು ಸಂವಿಧಾನದ 61ನೇ ತಿದ್ದುಪಡಿಯಿಂದ, 1989ರಲ್ಲಿ. ಅಂದರೆ ಇವರು ಮೊದಲ ಸಲ ಮತ ಹಾಕಿದ್ದು 1972ರ ವಿಧಾನಸಭಾ ಚುನಾವಣೆಯಲ್ಲಿ ಇರಬೇಕು. ಮತಕ್ಕೆ 21 ಆಗಬೇಕಿದ್ದ ಕಾಲದಲ್ಲಿ ಹುಡುಗಿಯ ಮದುವೆಗೆ ಕಾನೂನು ಕೇಳುತ್ತಿದ್ದದ್ದು 15 ವರ್ಷ, ಹುಡುಗನಿಗೆ 18. ಅದು 18 ಮತ್ತು 21ಕ್ಕೆ ಏರಿದ್ದು 1978ರಲ್ಲಿ. ಕಾನೂನು ಹದಿನೈದು ಎಂದಿದ್ದರೂ ಅದನ್ನು ಕೇಳಿ ಮದುವೆ ನಿಶ್ಚಯಿಸಿದ ಮನೆಗಳು ಎಷ್ಟಿದ್ದಾವು? ದೇಶದಲ್ಲಿ ಹೆಣ್ಣುಮಕ್ಕಳ ಮದುವೆಯ ಸರಾಸರಿ ವಯಸ್ಸು 1960ರ ದಶಕದ ಆರಂಭದಲ್ಲಿ ಹದಿನಾರರ ಆಸುಪಾಸಿನಲ್ಲಿತ್ತು. ಓದಿನ ಕಥೆಯೂ ಅಷ್ಟೆ. 1971ರ ಜನಗಣತಿಯಲ್ಲಿ ರಾಜ್ಯದ ಹೆಂಗಸರಲ್ಲಿ ಅಕ್ಷರ ಬಲ್ಲವರು ನಾಲ್ವರಲ್ಲಿ ಒಬ್ಬರಿಗಿಂತ ಕಡಿಮೆ. 2011ರ ಹೊತ್ತಿಗೆ ಅದು ಶೇ 68. ಗಂಡುಹುಡುಗನ ಪಾಡು ತುಸು ಬೇರೆ, ಆದರೆ ಬಹಳ ಬೇರೆಯಲ್ಲ. ಒಂದು ಮನೆಯಲ್ಲಿ ಐದಾರು ಮಕ್ಕಳಿರುತ್ತಿದ್ದ ಆ ಕಾಲದಲ್ಲಿ ಹಿರಿಮಗನಾದವನು ಎಸ್‌ಎಸ್‌ಎಲ್‌ಸಿ ಮುಗಿಸುವ ಮೊದಲೇ ತಮ್ಮಂದಿರ ಫೀಸು, ತಂಗಿಯರ ಮದುವೆ ಅವನ ಹೆಗಲಿಗೆ ಬಂದಿರುತ್ತಿದ್ದವು. ಟೈಪಿಂಗ್ ಕಲಿತು ವಿದ್ಯುತ್ ಮಂಡಳಿಗೋ ರೈಲ್ವೆಗೋ ಅರ್ಜಿ ಹಾಕು ಎಂದು ಸೋದರಮಾವ ಹೇಳಿದರೆ ಮುಗಿಯಿತು, ಅದೇ ವೃತ್ತಿ. ಗೇಣಿ ಮಾಡುವ ಮನೆಯಲ್ಲಿ ಹುಟ್ಟಿದವನಿಗೆ ಅಷ್ಟು ಮಾತೂ ಇರಲಿಲ್ಲ.

ಇದನ್ನು ಯಾರೂ ಆಗ ದಬ್ಬಾಳಿಕೆ ಎಂದು ಕರೆಯಲಿಲ್ಲ, ಕರೆಯಬೇಕಾದ ಅಗತ್ಯವೂ ಇಲ್ಲ. ಬರ, ಪಡಿತರ, ಅಮೆರಿಕದ ಗೋಧಿ, ಶಾಲೆಯಲ್ಲಿ ಕೊಡುತ್ತಿದ್ದ ಉಪ್ಪಿಟ್ಟು ಮತ್ತು ಹಾಲಿನ ಪುಡಿಯ ಕಾಲದಲ್ಲಿ ಮನೆಯೊಂದು ಉಳಿಯಬೇಕಾದರೆ ಒಬ್ಬೊಬ್ಬರ ಇಷ್ಟ ವಿಚಾರಿಸಿಕೊಂಡು ಕೂರಲು ಪುರಸೊತ್ತಿರಲಿಲ್ಲ. ಸಂಕಟ ಎಲ್ಲಿದೆಯೆಂದರೆ, ಹಾಗೆ ಬದುಕಿದವರು ಈಗ ಅದನ್ನು ನೆನೆಯುವಾಗ ಕರ್ತೃವಿನ ಜಾಗದಲ್ಲಿ ತಮ್ಮನ್ನೇ ಕೂರಿಸಿಕೊಳ್ಳುತ್ತಾರೆ. ಜವಾಬ್ದಾರಿ ಬಂತು ಎನ್ನುವುದು ಜವಾಬ್ದಾರಿ ಹೊತ್ತೆ ಎಂದಾಗುತ್ತದೆ. ಓದು ಬಿಡಿಸಿದರು ಎಂಬುದು ಮನೆಗಾಗಿ ಓದು ಬಿಟ್ಟೆ ಎಂದಾಗುತ್ತದೆ. ಇದು ಕಪಟವಲ್ಲ. ಐವತ್ತು ವರ್ಷ ಒಂದು ಬದುಕನ್ನು ಬದುಕಿದ ಮೇಲೆ ಅದನ್ನು ತನ್ನದು ಎಂದುಕೊಳ್ಳದೆ ಯಾರು ತಾನೇ ಇರುತ್ತಾರೆ?

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿದೆ. ಹದಿನಾರಕ್ಕೆ ಮದುವೆ, ಹದಿನೆಂಟಕ್ಕೆ ಕೂಸು ಎನ್ನುವ ಕಾಲದಲ್ಲಿ ಹೆಂಗಸೊಬ್ಬಳು ಮೂವತ್ತಾರು, ಮೂವತ್ತೆಂಟಕ್ಕೆಲ್ಲ ಅಜ್ಜಿಯಾಗುತ್ತಿದ್ದಳು. ಮೊಮ್ಮಗಳು ಪ್ರಾಯಕ್ಕೆ ಬಂದಾಗ ಅಜ್ಜಿಗಿನ್ನೂ ಐವತ್ತೈದು, ಮೊಮ್ಮಗಳ ಬದುಕು ಹೆಚ್ಚುಕಡಿಮೆ ಅಜ್ಜಿಯದರ ನಕಲು. ಅದೇ ಒಲೆ, ಅದೇ ಹೊಲ, ಅದೇ ಹೆರಿಗೆ. ಅಂಥ ಕಡೆ ಅಜ್ಜಿಯ ಮಾತು ನಿಜಕ್ಕೂ ಅಳತೆಗೋಲೇ ಆಗಿತ್ತು, ಆಗಬೇಕಿತ್ತು ಕೂಡ. ಇಂದು ಅಜ್ಜಿ ಮೊಮ್ಮಗಳ ನಡುವಿನ ಅಂತರ ಐವತ್ತು, ಐವತ್ತೈದು ವರ್ಷಕ್ಕೆ ಹಿಗ್ಗಿದೆ, ಮತ್ತು ಆ ಐವತ್ತು ವರ್ಷಗಳಲ್ಲಿ ಹಿಂದಿನ ಯಾವ ಐವತ್ತರಲ್ಲೂ ಆಗದಷ್ಟು ಆಗಿಹೋಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಹೆಂಗಸೊಬ್ಬಳಿಗೆ ಸರಾಸರಿ ಮಕ್ಕಳು 1.7. ತಮ್ಮ ತಂಗಿಯರ ಸಾಲೇ ಇಲ್ಲದ ಮನೆಯಲ್ಲಿ ಬೆಳೆದವನಿಗೆ ತಂಗಿಯರ ಮದುವೆಯ ಭಾರ ಹೊರಲಿಲ್ಲ ಎಂದು ದೂರುವುದು ಹೇಗೆ?

ಹಾಗಾದರೆ ಆ ಕಾಲದ ನೆನಪು ಇಷ್ಟು ಗಾಢವಾಗಿ, ಇಷ್ಟು ತೀರ್ಪಿನ ಧಾಟಿಯಲ್ಲಿ ಬರುವುದೇಕೆ? ಮನಶ್ಶಾಸ್ತ್ರಜ್ಞರು ಇದನ್ನು ಹಲವು ದಶಕಗಳಿಂದ ನೋಡುತ್ತಿದ್ದಾರೆ. ನಡುವಯಸ್ಸು ದಾಟಿದವರಿಗೆ ಬದುಕಿನ ಘಟನೆಗಳನ್ನು ನೆನಪಿಸಿಕೊಳ್ಳಿ ಎಂದರೆ ಹತ್ತರಿಂದ ಮೂವತ್ತರ ನಡುವಿನ ನೆನಪುಗಳು ಉಳಿದ ವಯಸ್ಸಿನವಕ್ಕಿಂತ ಬಹಳ ಹೆಚ್ಚು ಬರುತ್ತವೆ. ಡೇವಿಡ್ ರೂಬಿನ್ ಮತ್ತು ಸಂಗಡಿಗರು 1986ರಲ್ಲಿ ನೆನಪಿನ ಈ ಉಬ್ಬನ್ನು ಗುರುತಿಸಿ ಬರೆದರು. 2005ರಲ್ಲಿ ಮಾರ್ಟಿನ್ ಕಾನ್ವೇ ಮತ್ತಿತರರು ಇಂಗ್ಲೆಂಡ್, ಅಮೆರಿಕ, ಜಪಾನ್, ಚೀನಾಗಳ ಜೊತೆಗೆ ಬಾಂಗ್ಲಾದೇಶದ ಜನರನ್ನೂ ಕೇಳಿದಾಗ ಅದೇ ಉಬ್ಬು ಕಂಡಿತು. ಹಾಗಾಗಿ ಇದು ಪಶ್ಚಿಮದವರ ವಿಶೇಷ ಎಂದು ತಳ್ಳಿಹಾಕಲಾಗದು. ಆ ಕಾಲ ಚೆನ್ನಾಗಿತ್ತು ಎಂಬುದು ಈ ಉಬ್ಬಿಗೆ ಕಾರಣವಾಗಿರಬೇಕಿಲ್ಲ. ಮೊದಲ ಸಲದವು ಹೆಚ್ಚಾಗಿ ಆಗ ಆಗುತ್ತವೆ ಎಂಬ ವಿವರಣೆಯೇ ಸಾಕಾಗುತ್ತದೆ. ಇದಕ್ಕೆ ಒತ್ತು ಕೊಡುವ ಒಂದು ಚಿಕ್ಕ ಅಧ್ಯಯನವಿದೆ. ಸ್ಪ್ಯಾನಿಷ್ ಆಡುವ ನಾಡುಗಳಿಂದ ದೊಡ್ಡವರಾದ ಮೇಲೆ ಅಮೆರಿಕಕ್ಕೆ ವಲಸೆ ಬಂದ ವೃದ್ಧರನ್ನು ರಾಬರ್ಟ್ ಶ್ರಾಫ್ ಮತ್ತು ರೂಬಿನ್ 1998ರಲ್ಲಿ ಕೇಳಿದಾಗ, ಮೂವತ್ತರ ನಂತರ ಬಂದವರ ನೆನಪಿನ ಉಬ್ಬು ವಲಸೆಯ ವರ್ಷಗಳ ಕಡೆಗೆ ಸರಿದಿತ್ತು. ಬದುಕು ಎಲ್ಲಿ ಬುಡಮೇಲಾಯಿತೋ ಅಲ್ಲಿ ನೆನಪು ದಟ್ಟವಾಗುತ್ತದೆ. ಇದನ್ನು ನಮ್ಮಲ್ಲಿಗೆ ತಂದರೆ, ಹದಿನಾರಕ್ಕೆ ಗಂಡನ ಮನೆಗೆ ಹೋದ ಹುಡುಗಿ ದೇಶಾಂತರ ಹೋದವಳೇ. ಊರು, ಮಾತಿನ ಧಾಟಿ, ಅಡುಗೆಯ ರುಚಿ, ಕರೆಯುವ ಹೆಸರು ಸಹ ಕೆಲವು ಮನೆಗಳಲ್ಲಿ ಬದಲಾಗುತ್ತಿತ್ತು. ಅವಳ ನೆನಪು ಆ ವರ್ಷಗಳಿಗೆ ಅಂಟಿಕೊಂಡಿದ್ದರೆ ಅದು ಸುಖದ ಪುರಾವೆಯಾಗಲಾರದು. ಈ ಕೊನೆಯ ಮಾತು ನನ್ನ ಊಹೆ, ಸಂಶೋಧಕರದಲ್ಲ. ಆದರೆ ಹತ್ತು ಮನೆಗಳಲ್ಲಿ ಕೇಳಿದರೆ ಒಂಬತ್ತು ಕಡೆ ಅಜ್ಜಿಯ ಕಥೆ ಆರಂಭವಾಗುವುದು ಅತ್ತೆಮನೆಯ ಹೊಸಿಲಿನಿಂದ ಎಂಬುದನ್ನು ಯಾರು ಅಲ್ಲಗಳೆದಾರು?

ಹೋಲಿಕೆಯ ಬಗ್ಗೆ ಇನ್ನೂ ನೇರವಾದ ಪರೀಕ್ಷೆ ನಡೆದಿದೆ. ಜಾನ್ ಪ್ರೊಟ್ಸ್ಕೊ ಮತ್ತು ಜೋನಥನ್ ಸ್ಕೂಲರ್ 2019ರಲ್ಲಿ ಅಮೆರಿಕದ ವಯಸ್ಕರನ್ನು ಈಗಿನ ಮಕ್ಕಳ ಬಗ್ಗೆ ಕೇಳಿದರು. ಹಿರಿಯರಿಗೆ ತಲೆಬಾಗುವುದು ಮುಖ್ಯ ಎನ್ನುವವರಿಗೆ ಮಕ್ಕಳಲ್ಲಿ ವಿನಯ ಕಡಿಮೆಯಾದಂತೆ ಕಂಡಿತು, ಬುದ್ಧಿಶಕ್ತಿಯಲ್ಲಿ ಮುಂದಿದ್ದವರಿಗೆ ಬುದ್ಧಿ ಕಡಿಮೆಯಾದಂತೆ, ಹೆಚ್ಚು ಓದಿಕೊಂಡವರಿಗೆ ಓದು ಕಡಿಮೆಯಾದಂತೆ. ಯಾರು ಯಾವುದರಲ್ಲಿ ಗಟ್ಟಿಯೋ ಅದೇ ಮಕ್ಕಳಲ್ಲಿ ಕುಸಿದಿದೆ ಎಂಬ ತೀರ್ಪು! ಇಂದಿನ ತನ್ನನ್ನು ಹಿಂದಿನ ಎಲ್ಲರ ಮೇಲೆ ಹೊದಿಸಿ ನೋಡುವುದು ಇದಕ್ಕೆ ಒಂದು ಕಾರಣ ಎಂದು ಅವರ ವಾದ. ನಾಲ್ಕು ವರ್ಷಗಳ ನಂತರ ಆಡಂ ಮ್ಯಾಸ್ಟ್ರೊಯಾನಿ ಮತ್ತು ಡೇನಿಯಲ್ ಗಿಲ್ಬರ್ಟ್ ಸುಮಾರು 70 ವರ್ಷಗಳ, 60 ದೇಶಗಳ ಸಮೀಕ್ಷೆಗಳನ್ನು ಜಾಲಾಡಿದರು. ನೀತಿ ಕುಸಿಯುತ್ತಿದೆ ಎಂದು ಜನ ಎಲ್ಲ ಕಾಲದಲ್ಲೂ ಹೇಳಿದ್ದಾರೆ. ಆದರೆ ತಮ್ಮ ಸುತ್ತಲಿನವರು ಹೇಗಿದ್ದಾರೆ ಎಂದು ಆಯಾ ಕಾಲದಲ್ಲಿ ಕೇಳಿದಾಗ ಬಂದ ಉತ್ತರಗಳಲ್ಲಿ ಅಂಥ ಕುಸಿತವಿಲ್ಲ. ಮೊಮ್ಮಕ್ಕಳ ಬಗ್ಗೆ ತೀರ್ಪು ಹೊರಡುವಾಗ ಅವರಿಗೆ ಇಷ್ಟು ಸಂಶಯದ ಲಾಭವನ್ನಾದರೂ ಕೊಡಬೇಕು.

ಸಾಕ್ಷ್ಯ ಹೇಗಿರುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಬಂದದ್ದು 1968ರಲ್ಲಿ. 1977ರ ಜ್ಞಾನಪೀಠ ಅದಕ್ಕೆ ಸಂದಿತು. ಮೂಕಜ್ಜಿ ಬಾಲವಿಧವೆ. ಯೌವನ ಎನ್ನುವುದು ಅವಳ ಬಾಗಿಲಿಗೂ ಬರಲಿಲ್ಲ. ಮೊಮ್ಮಗ ಸುಬ್ಬರಾಯನ ಜೊತೆ ಕೂತು ಅವಳು ದೇವರು, ದಾಂಪತ್ಯ, ಕಾಮ, ಸಂನ್ಯಾಸ ಎಲ್ಲದರ ಬಗ್ಗೆ ಯಾವ ಅಂಜಿಕೆಯೂ ಇಲ್ಲದೆ ಮಾತಾಡುತ್ತಾಳೆ. ಒಂದು ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನದೆಲ್ಲ ಕಾಣುವ ಅವಳ ಶಕ್ತಿಯನ್ನೇ ಎಲ್ಲರೂ ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ತನಗೆ ಸಿಗದ್ದನ್ನು ಅವಳು ಮೊಮ್ಮಗನ ಮೇಲೆ ಸಾಲದಂತೆ ಹೇರುವುದಿಲ್ಲ ಎಂಬುದು. ನನಗಿಲ್ಲದ ಸುಖ ನಿನಗೇಕೆ ಎಂಬ ಧ್ವನಿ ಅವಳಲ್ಲಿಲ್ಲ. ಅವಳು ಮಾತಾಡುವುದಕ್ಕೆ ಕಾರಣವಿದೆ: ಸುಬ್ಬರಾಯ ಕೇಳುತ್ತಾನೆ. ಊರಿನವರಿಗೆ ಅವಳು ಅರೆಮರುಳು ಮುದುಕಿ, ಇವನೊಬ್ಬನಿಗೆ ಅವಳ ಮಾತು ಬೇಕು. ಕಾದಂಬರಿಯನ್ನು ಮನೆಯ ಸಂಬಂಧಗಳಿಗೆ ಮಾದರಿಯಾಗಿ ಓದುವುದು ಸ್ವಲ್ಪ ಒರಟು ಓದು, ನಿಜ. ಆದರೂ ಕೇಳುವವರಿದ್ದಾಗ ಮಾತ್ರ ಅಳತೆಗೋಲು ಕೆಳಗಿಳಿದು ಕಥೆ ಹೊರಡುತ್ತದೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ತೋರಿಸಿದ ಪುಸ್ತಕ ನನಗೆ ತಿಳಿದಿಲ್ಲ.

ಈ ವಾದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಮೊದಲನೆಯದು ಎಲ್ಲರ ಬಾಯಲ್ಲೂ ಬರುವಂಥದ್ದು: ಹಿರಿಯರ ಅನುಭವಕ್ಕೆ ಬೆಲೆಯಿಲ್ಲವೇ? ಇದೆ, ಬೇಕಾದಷ್ಟಿದೆ. ಸಾಲ ಕೊಟ್ಟವನ ಸ್ವಭಾವ, ಕಾಯಿಲೆ ಮಲಗಿದವರ ಆರೈಕೆ, ಜಗಳವಾದ ಮೇಲೂ ನಂಟಸ್ತಿಕೆ ಉಳಿಸಿಕೊಳ್ಳುವ ಬಗೆ, ಇವೆಲ್ಲ ಐವತ್ತು ವರ್ಷದಲ್ಲಿ ಅಷ್ಟೇನೂ ಬದಲಾಗಿಲ್ಲ. ಇಂಥ ಕಡೆ ಅಜ್ಜನ ಒಂದು ಮಾತಿಗೆ ಹತ್ತು ಪುಸ್ತಕ ಸಮವಲ್ಲ. ಆದರೆ ಆ ತಿಳಿವಳಿಕೆ ಅವರಿಗೆ ಬಂದದ್ದು ಮೂವತ್ತರಿಂದ ಎಪ್ಪತ್ತರವರೆಗಿನ ದೀರ್ಘ ಬಾಳಿನಿಂದ, ಹದಿನೆಂಟರ ಹರೆಯದಿಂದಲ್ಲ. ಉಪದೇಶಕ್ಕೆ ಬಂಡವಾಳ ಅದು. ಹಾಗಿದ್ದೂ ಮೊಮ್ಮಕ್ಕಳ ಮುಂದೆ ಅವರು ಹರವುವುದು ಅದನ್ನಲ್ಲ, ಹದಿನೆಂಟರಲ್ಲಿ ಸೈಕಲ್ ತುಳಿದದ್ದನ್ನು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಆ ಪೀಳಿಗೆಗೆ ಯೌವನವೇ ಇರಲಿಲ್ಲ ಎನ್ನುವುದು ಇತಿಹಾಸವನ್ನು ಮರೆತ ಮಾತಲ್ಲವೇ? 1966ರಲ್ಲಿ ಕುಪ್ಪಳಿಯಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಪುರೋಹಿತರಿಲ್ಲದೆ ಮಂತ್ರಮಾಂಗಲ್ಯದಲ್ಲಿ ಮದುವೆಯಾದರು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಮಾತಿನ ಸುತ್ತ ಎದ್ದ ಗಲಭೆಯಲ್ಲಿ ಕಾಲೇಜು ಹುಡುಗರೇ ಎರಡೂ ಕಡೆ ಇದ್ದರು, ದಲಿತ ಸಂಘರ್ಷ ಸಮಿತಿಯ ಹುಟ್ಟಿಗೆ ಆ ದಿನಗಳ ಕಾವು ಕಾರಣವಾಯಿತು. ಸಮಾಜವಾದಿ ಯುವಜನ ಸಭಾದವರು, ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡ ಯುವಕರು, ಎಲ್ಲರೂ ಆ ಪೀಳಿಗೆಯವರೇ. ಮೊಮ್ಮಕ್ಕಳು ಕನಸಿನಲ್ಲೂ ಕಾಣದಂಥ ಆಯ್ಕೆಗಳನ್ನು ಅವರು ಮಾಡಿದರು. ಒಪ್ಪಬೇಕಾದ ಮಾತು. ಆದರೆ ಅವರು ಹೆಸರು ಹಿಡಿದು ಹೇಳಬಹುದಾದಷ್ಟು ಮಂದಿ, ಬಹುಪಾಲು ಗಂಡಸರು, ಕಾಲೇಜಿನ ಮೆಟ್ಟಿಲು ಹತ್ತಿದವರು. ಅವರ ಯೌವನ ನಾಡಿನ ಪುಸ್ತಕಗಳಲ್ಲಿ ದಾಖಲಾಗಿದೆ, ಹಾಗಾಗಿಯೇ ಇಡೀ ಪೀಳಿಗೆಯದೇ ಹಾಗಿತ್ತು ಎನ್ನಿಸುತ್ತದೆ. ಪುಸ್ತಕಕ್ಕೆ ಬಾರದ ಆಯ್ಕೆಗಳೂ ಇದ್ದವು. 1974ರ ಮಾರ್ಚ್‌ನಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಉಳುತ್ತಿದ್ದ ಜಮೀನು ತಮಗೆ ಬೇಕೆಂದು ಡಿಕ್ಲರೇಷನ್ ಹಾಕುವುದೋ ಬೇಡವೋ ಎಂಬ ಪ್ರಶ್ನೆ ಎಷ್ಟೋ ಗೇಣಿ ಮನೆಗಳನ್ನು ಒಡೆಯಿತು. ಧಣಿಯ ಅನ್ನ ತಿಂದು ಅವರ ಮೇಲೆ ಅರ್ಜಿ ಹಾಕುವುದೇ ಎಂದು ಅಪ್ಪ, ಹಾಕದಿದ್ದರೆ ಮುಂದೆ ಏನು ಗತಿ ಎಂದು ಮಗ. ಇಪ್ಪತ್ತನಾಲ್ಕರ ಒಬ್ಬ ಹುಡುಗ ಏಳನೇ ನಮೂನೆ ತುಂಬಿಸಿಕೊಂಡು ನ್ಯಾಯಮಂಡಳಿಯ ಮುಂದೆ ನಿಂತದ್ದು ದೊಡ್ಡ ಸಂಗತಿ. ಅದೇ ಮನೆಯಲ್ಲಿ ಇಂದು ಅಜ್ಜನಾಗಿರುವ ಆ ಹುಡುಗನನ್ನು ಅದರ ಬಗ್ಗೆ ಕೇಳಿದವರಿಲ್ಲ. ಬದಲಿಗೆ ಅವರು ಬರಿಗಾಲಲ್ಲಿ ಶಾಲೆಗೆ ನಡೆದದ್ದು ಮಾತ್ರ ಎಲ್ಲರಿಗೂ ಬಾಯಿಪಾಠ.

ಮೂರನೆಯವರು ಹೇಳುವುದು, ಈಗಿನವರಿಗೆ ಮಾತ್ರ ಆಯ್ಕೆ ಎಲ್ಲಿದೆ ಎಂದು. ಇದು ನನ್ನ ವಾದಕ್ಕೆ ಎಲ್ಲಕ್ಕಿಂತ ತೊಡಕಿನದು, ಏಕೆಂದರೆ ಬಹುಮಟ್ಟಿಗೆ ನಿಜ. ಆಪ್ಷನ್ ಎಂಟ್ರಿಯಲ್ಲಿ ನೂರು ಕಾಲೇಜಿನ ಹೆಸರು ತುಂಬುವ ಹುಡುಗ ತನಗೆ ಬೇಕಾದದ್ದನ್ನು ತುಂಬುತ್ತಿದ್ದಾನೆಯೋ, ಅಪ್ಪ ಹತ್ತನೇ ತರಗತಿಯಲ್ಲೇ ಕೋಚಿಂಗಿಗೆ ಕಟ್ಟಿದ ದುಡ್ಡಿಗೆ ಉತ್ತರ ಕೊಡುತ್ತಿದ್ದಾನೆಯೋ ಹೇಳುವುದು ಕಷ್ಟ. ಜಾತಿ ದಾಟಿ ಮದುವೆಯಾಗಲು ಇಂದಿಗೂ ಎಷ್ಟೋ ಊರುಗಳಲ್ಲಿ ಪೊಲೀಸ್ ಠಾಣೆಯ ಆಸರೆ ಬೇಕು. ಅದೆಲ್ಲ ಬಿಡಿ, ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ರಾಜ್ಯದಲ್ಲಿ ಇಪ್ಪತ್ತರಿಂದ ಇಪ್ಪತ್ನಾಲ್ಕರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬಳಿಗೆ ಹದಿನೆಂಟರೊಳಗೇ ಮದುವೆಯಾಗಿತ್ತು. ಆ ಒಬ್ಬಳ ಮನೆಯಲ್ಲಿ ಅಜ್ಜಿಯ ಹದಿನಾರಕ್ಕೂ ಮೊಮ್ಮಗಳ ಹದಿನಾರಕ್ಕೂ ನಡುವೆ ಕಾನೂನು ಮಾತ್ರ ಬದಲಾಗಿದೆ. ಇದರಿಂದ ವಾದ ಬೀಳುತ್ತದೆಯೇ? ನನಗನ್ನಿಸುವಂತೆ ಅದಕ್ಕೆ ಇಲ್ಲಿ ಹೆಚ್ಚಿನ ತುರ್ತು ಬರುತ್ತದೆ. ನಾನೂ ಹದಿನಾರಕ್ಕೆ ಬಂದೆ, ನನಗೇನಾಯಿತು ಎಂದು ಅಜ್ಜಿ ಅಳತೆಗೋಲು ಹಿಡಿದರೆ ಆ ಮದುವೆ ನಿಶ್ಚಯವಾಗುತ್ತದೆ. ಹದಿನಾರಕ್ಕೆ ಬಂದಾಗ ನನಗೇನಾಯಿತು ಎಂಬುದನ್ನು ಮೊದಲ ಹೆರಿಗೆ, ಹೋದ ಕೂಸು, ಬಿಟ್ಟ ಶಾಲೆ ಸಹಿತ ಅವರು ಬಿಡಿಸಿ ಹೇಳಿದರೆ ಮನೆಯಲ್ಲಿ ಒಂದು ಮತವಾದರೂ ಹುಡುಗಿಯ ಪರವಾಗಿ ಬೀಳುತ್ತದೆ. ಅಧಿಕಾರಿಗಳು ಬಂದು ತಡೆಯುವ ಮದುವೆಗಿಂತ ಅಜ್ಜಿ ಬೇಡವೆಂದ ಮದುವೆ ಹೆಚ್ಚು ಕಾಲ ನಿಂತಿರುತ್ತದೆ.

ಹಳೆಯ ಗಾಯ ಕೆದಕಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ಮಾತಾಡದಿರುವುದೂ ಒಂದು ಘನತೆ. ಗಂಡನ ಮನೆಯ ಮಾತು ಹೊಸಿಲು ದಾಟಬಾರದೆಂದು ಬೆಳೆದ ಹೆಂಗಸರಿಗೆ ಮೊಮ್ಮಗಳ ಫೋನಿನ ರೆಕಾರ್ಡರ್ ಮುಂದೆ ಎಲ್ಲ ಹೇಳಿ ಎನ್ನುವುದು ಹಿಂಸೆಯಾದೀತು. ಈ ಎಚ್ಚರ ಇರಲೇಬೇಕು. ಹಾಗೆಂದು ವೃದ್ಧರು ಹಳೆಯದನ್ನು ಮೆಲುಕು ಹಾಕುವುದು ಮುಪ್ಪಿನ ಕಾಯಿಲೆ ಎಂದು ತಿಳಿದಿದ್ದ ಕಾಲವೂ ಹೋಗಿದೆ. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ, ಬಾಳಿನ ಕೊನೆಯ ಘಟ್ಟದಲ್ಲಿ ಹಿಂದಿನದನ್ನು ತಿರುಗಿ ನೋಡುವುದು ಸಹಜ, ಹಲವರಿಗೆ ಅದು ಅಗತ್ಯ ಎಂದು ವಾದಿಸಿದರು. ಎಲ್ಲರಿಗೂ ಅದು ನೆಮ್ಮದಿ ತರುತ್ತದೆ ಎಂದು ಅವರು ಹೇಳಲಿಲ್ಲ, ಕೆಲವರನ್ನು ಅದು ಖಿನ್ನತೆಗೂ ತಳ್ಳುತ್ತದೆ. ಕೇಳುವವರ ಲಾಭದ ಬಗ್ಗೆ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಕೆಲಸ ಮಾಡಿದ್ದಾರೆ. ಅಜ್ಜ ಅಜ್ಜಿಯರು ಎಲ್ಲಿ ಬೆಳೆದರು, ಮನೆಗೆ ಯಾವ ಕಷ್ಟ ಬಂದಿತ್ತು ಎಂಬಂಥ ಇಪ್ಪತ್ತು ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚಿತ್ತು. ಮಾತುಕತೆ ಇರುವ ಮನೆಯ ಮಕ್ಕಳು ಹೇಗೂ ನೆಟ್ಟಗಿರುತ್ತಾರೆ, ಕಥೆಯಿಂದಲೇ ಹಾಗಾಯಿತು ಎನ್ನಲಾಗದು ಎಂದು ಯಾರಾದರೂ ಹೇಳಿದರೆ ಆ ಆಕ್ಷೇಪ ಸರಿಯಾದದ್ದೇ. ಗೆಲುವಿನ ಕಥೆಗಿಂತ ಏಳುಬೀಳಿನ ಕಥೆ ಮಕ್ಕಳಿಗೆ ಹೆಚ್ಚು ಒದಗುತ್ತದೆ ಎಂಬ ಅವರ ಮಾತು ಮಾತ್ರ, ಬರಿಗಾಲಿನ ಶಾಲೆಯ ಕಥೆಯಲ್ಲೇ ನಿಂತುಬಿಟ್ಟಿರುವ ನಮ್ಮ ಅಜ್ಜಂದಿರಿಗೆ ಒಳ್ಳೆಯ ಸೂಚನೆ.

ಎಲ್ಲಿಂದ ಕೇಳುವುದು ಎಂದು ತೋಚದ ಮೊಮ್ಮಗಳಿಗೆ ಆಸ್ತಿಯ ಕಾಗದ ಒಂದು ದಾರಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳಿಗೆ ತಂದೆಯ ಪಾಲಿನಲ್ಲಿ ಒಂದಂಶ ಕೊಟ್ಟಿತ್ತು. ತಂದೆ ತೀರಿದ ಮೇಲೆ ಅಣ್ಣತಮ್ಮಂದಿರು ಹಕ್ಕು ಖುಲಾಸೆ ಪತ್ರ ಬರೆಸಿ ತಂದಾಗ, ಅರಿಶಿನ ಕುಂಕುಮಕ್ಕೊಂದು ಸೀರೆ ಪಡೆದು ಅದಕ್ಕೆ ರುಜು ಹಾಕಿದ ಅಥವಾ ಹೆಬ್ಬೆಟ್ಟು ಒತ್ತಿದ ಹೆಂಗಸರು ಪ್ರತಿ ಊರಲ್ಲಿದ್ದಾರೆ. 1994ರ ಜುಲೈನಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಎಂದಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಇಂದಿನ ಅಜ್ಜಿಯರೆಲ್ಲ ಆ ಗೆರೆಯ ಆಚೆ ಉಳಿದರು. 2005ರ ಸೆಪ್ಟೆಂಬರಿನ ಕೇಂದ್ರದ ತಿದ್ದುಪಡಿ ಆ ಗೆರೆಯನ್ನು ಅಳಿಸಿತು, 2020ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯ ದಿನ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದಿತು. ಅಷ್ಟರಲ್ಲಿ ಹಳೆಯ ವಿಭಾಗ ಪತ್ರಗಳು ನೋಂದಣಿಯಾಗಿ, ಜಮೀನು ಕೈ ಬದಲಾಗಿ, ಕೆಲವು ಕಡೆ ಲೇಔಟ್ ಕೂಡ ಆಗಿಹೋಗಿತ್ತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗವನ್ನು ಹೊಸ ಕಾನೂನೂ ಮುಟ್ಟುವುದಿಲ್ಲ. ಹದಿನೆಂಟು ತುಂಬಿದ ಮೊಮ್ಮಗಳ ರುಜುವಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಈಗ ಬೆಲೆ ಬಂದಿದೆ. ಅವಳ ಮುಂದೆ ಇಂಥದೇ ಒಂದು ಪತ್ರ ಯಾವತ್ತಾದರೂ ಬಂದೇ ಬರುತ್ತದೆ. ಅಜ್ಜಿ ಆವತ್ತು ಓದಿ ರುಜು ಹಾಕಿದರೋ, ಓದಲು ಕೊಟ್ಟಿದ್ದರೋ, ಒಲ್ಲೆ ಎಂದಿದ್ದರೆ ತವರಿನ ಬಾಗಿಲು ತೆರೆದಿರುತ್ತಿತ್ತೋ ಎಂಬುದು ಯಾವ ಪಹಣಿಯಲ್ಲೂ ಇರುವುದಿಲ್ಲ, ಅಜ್ಜಿಯನ್ನೇ ಕೇಳಬೇಕು.